ಕಿಟಕಿ ಒಡೆಯುವ ಮಗ, ಗಾಜು ಕೂರಿಸುವ ಅಪ್ಪ: ಚಾಪ್ಲಿನ್‌ನ ‘ದಿ ಕಿಡ್’

ಚಾರ್ಲಿ ಚಾಪ್ಲಿನ್ ಬರೆದು, ನಿರ್ದೇಶಿಸಿ, ತಾನೇ ಮುಖ್ಯ ಪಾತ್ರ ವಹಿಸಿದ ‘ದಿ ಕಿಡ್’ 1921ರ ಜನವರಿ 21ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಆರು ರೀಲುಗಳ, ಒಂದು ಗಂಟೆಗೆ ತುಸು ಮಿಕ್ಕಿದ ಮೂಕಿ ಚಿತ್ರ ಅದು. ಬೀದಿಯಲ್ಲಿ ಸಿಕ್ಕ ಹಸುಗೂಸನ್ನು ಒಬ್ಬ ಅಲೆಮಾರಿ ಸಾಕುತ್ತಾನೆ. ಐದು ವರ್ಷ ಕಳೆದ ಮೇಲೆ ಆ ಮಗುವನ್ನು ಅವನ ಕೈಯಿಂದ ಕಿತ್ತುಕೊಳ್ಳಲು ಅನಾಥಾಲಯದ ಅಧಿಕಾರಿಗಳು ಬರುತ್ತಾರೆ. ಕಥೆ ಎಂದರೆ ಇಷ್ಟೇ. ಹಾಸ್ಯ ಚಿತ್ರವೆಂದರೆ ಎರಡು ರೀಲಿನ ಓಟ, ಒದೆತ, ಜಾರಿ ಬೀಳುವುದು ಎಂದು ಚಿತ್ರೋದ್ಯಮ ತೀರ್ಮಾನಿಸಿಕೊಂಡಿದ್ದ ದಿನಗಳವು. ನೋಡುವವರು ನಗುತ್ತಿರುವಾಗಲೇ ಅವರ ಗಂಟಲು ಕಟ್ಟುವಂತೆ ಮಾಡಬಹುದೆಂದು ಈ ಚಿತ್ರ ತೋರಿಸಿತು. ಮಗುವಿಗೆ ತಂದೆ ಯಾರು, ಕಾಗದಪತ್ರ ಇರುವವನೋ ಅನ್ನ ಹಾಕಿದವನೋ ಎಂಬ ಪ್ರಶ್ನೆಯನ್ನೂ ಎತ್ತಿತು. ಆ ಪ್ರಶ್ನೆ ಪರದೆಯ ಮೇಲೆ ಮುಗಿಯಲಿಲ್ಲ. ಮಗುವಿನ ಪಾತ್ರ ಮಾಡಿದ ಹುಡುಗನ ಬದುಕಿನಲ್ಲಿ ಅದು ಹದಿನೇಳು ವರ್ಷಗಳ ನಂತರ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಚಿತ್ರದ ಬೇರು ಇರುವುದು ಹಾಲಿವುಡ್‌ನಲ್ಲಲ್ಲ, ದಕ್ಷಿಣ ಲಂಡನ್ನಿನ ಲ್ಯಾಂಬೆತ್ ಮತ್ತು ಕೆನ್ನಿಂಗ್ಟನ್ ಬೀದಿಗಳಲ್ಲಿ. 1889ರ ಏಪ್ರಿಲ್ 16ರಂದು ಹುಟ್ಟಿದ ಚಾಪ್ಲಿನ್‌ನ ತಂದೆ ತಾಯಿ ಇಬ್ಬರೂ ಮ್ಯೂಸಿಕ್ ಹಾಲ್ ಎಂಬ ಜನಪ್ರಿಯ ರಂಗಮಂದಿರಗಳ ಗಾಯಕರು. ತಂದೆ ಕುಡಿತಕ್ಕೆ ಬಿದ್ದು ಸಂಸಾರದಿಂದ ದೂರವಾದ. ತಾಯಿ ಹನ್ನಾಳ ಕಂಠ ಕೆಟ್ಟಿತು; ಹೊಲಿಗೆಯ ಪುಡಿಗಾಸಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಸಾಕಲು ಹೆಣಗಿದಳು; ಕೊನೆಗೆ ಮನಸ್ಸಿನ ಹಿಡಿತವೂ ತಪ್ಪಿತು. 1896ರಲ್ಲಿ, ಚಾರ್ಲಿಗೆ ಏಳು ವರ್ಷವಾಗಿದ್ದಾಗ, ಅವನೂ ಅಣ್ಣ ಸಿಡ್ನಿಯೂ ತಾಯಿಯೂ ಲ್ಯಾಂಬೆತ್‌ನ ವರ್ಕ್‌ಹೌಸ್ ಸೇರಿದರು. ದಿಕ್ಕಿಲ್ಲದವರಿಗೆ ಊಟ, ಹಾಸಿಗೆ ಕೊಟ್ಟು ಪ್ರತಿಯಾಗಿ ದುಡಿಸಿಕೊಳ್ಳುತ್ತಿದ್ದ ಆ ಸಾರ್ವಜನಿಕ ಆಶ್ರಯದೊಳಗೆ ಕಾಲಿಟ್ಟ ಕೂಡಲೇ ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕೆಲವೇ ವಾರಗಳಲ್ಲಿ ಹುಡುಗರನ್ನು ಬ್ರೆಡ್ಡು ಸಾಗಿಸುವ ಕುದುರೆ ಗಾಡಿಯೊಂದರಲ್ಲಿ ಕೂರಿಸಿ ಊರಾಚೆಯ ಹ್ಯಾನ್‌ವೆಲ್‌ನ ಬಡಮಕ್ಕಳ ಶಾಲೆಗೆ ಕಳಿಸಿದರು. ಅಲ್ಲಿ ಹುಳುಕಡ್ಡಿ ಹತ್ತಿದಾಗ ಚಾರ್ಲಿಯ ತಲೆ ಬೋಳಿಸಿ ಅಯೋಡಿನ್ ಬಳಿದರು.

ಆ ಕಾಲದ ಒಂದು ದಿನವನ್ನು ಚಾಪ್ಲಿನ್ 1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬಿಡಿಸಿ ಬರೆದಿದ್ದಾನೆ. ಮಕ್ಕಳ ಮುಖ ನೋಡಲು ಬೇರೆ ದಾರಿ ಕಾಣದ ಹನ್ನಾ, ತಾನು ಮಕ್ಕಳೊಂದಿಗೆ ವರ್ಕ್‌ಹೌಸ್ ಬಿಟ್ಟು ಹೋಗುತ್ತೇನೆಂದು ಅರ್ಜಿ ಕೊಟ್ಟಳು. ಬೆಳಿಗ್ಗೆ ಮೂವರೂ ಗೇಟಿನಿಂದ ಹೊರಬಿದ್ದರು. ಸಿಡ್ನಿಯ ಹತ್ತಿರ ಕೂಡಿಟ್ಟ ಕೆಲವು ಪೆನ್ನಿಗಳಿದ್ದವು. ಅದರಲ್ಲಿ ಚೆರ್ರಿ ಹಣ್ಣು ಕೊಂಡು ಕೆನ್ನಿಂಗ್ಟನ್ ಪಾರ್ಕಿನಲ್ಲಿ ಕೂತು ತಿಂದರು, ಕಾಗದ ಉಂಡೆಮಾಡಿ ಚೆಂಡಾಟ ಆಡಿದರು. ಸಂಜೆ ಮತ್ತೆ ಅದೇ ಗೇಟಿಗೆ ಹೋಗಿ ಸೇರಿಸಿಕೊಳ್ಳಿ ಎಂದರು. ಅಧಿಕಾರಿಗಳು ಸಿಡಿಮಿಡಿಗೊಂಡರೂ ಎಲ್ಲ ದಾಖಲೆ ಹೊಸದಾಗಿ ಬರೆದುಕೊಳ್ಳಲೇಬೇಕಾಯಿತು. ನಿಯಮವನ್ನು ಮುರಿಯದೆ ನಿಯಮದ ಸಂದಿಯಲ್ಲೇ ಒಂದು ದಿನದ ಸಂಸಾರ ಗಿಟ್ಟಿಸಿಕೊಂಡ ಆ ತಾಯಿಯ ಉಪಾಯ, ‘ದಿ ಕಿಡ್’ನ ಅಲೆಮಾರಿಯ ಪ್ರತಿಯೊಂದು ಉಪಾಯದ ಹಿಂದೆಯೂ ಇದೆ.

ಮುಂದಿನ ಇಪ್ಪತ್ತು ವರ್ಷಗಳ ಏರಿಕೆ ಎಲ್ಲರಿಗೂ ತಿಳಿದದ್ದೇ. ಬಾಲನಟನಾಗಿ ರಂಗಕ್ಕೆ ಬಂದ ಚಾಪ್ಲಿನ್, ಫ್ರೆಡ್ ಕಾರ್ನೋನ ಹಾಸ್ಯ ತಂಡದೊಂದಿಗೆ ಅಮೆರಿಕಕ್ಕೆ ಹೋದ. 1914ರಲ್ಲಿ ಕೀಸ್ಟೋನ್ ಕಂಪನಿಯ ಚಿತ್ರಗಳಲ್ಲಿ ದೊಗಲೆ ಪ್ಯಾಂಟು, ಬಿಗಿ ಕೋಟು, ಬೆತ್ತ, ಪುಟ್ಟ ಮೀಸೆಯ ಅಲೆಮಾರಿ ಕಾಣಿಸಿಕೊಂಡ. 1917ರಲ್ಲಿ ಫಸ್ಟ್ ನ್ಯಾಷನಲ್ ಸಂಸ್ಥೆ ಎಂಟು ಚಿತ್ರಗಳಿಗೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತು. ಆ ಬಲದ ಮೇಲೆ ಹಾಲಿವುಡ್‌ನ ಲಾ ಬ್ರಿಯಾ ಅವೆನ್ಯೂನಲ್ಲಿ ಸ್ವಂತ ಸ್ಟುಡಿಯೋ ಎದ್ದಿತು. 1919ರಲ್ಲಿ ಮೇರಿ ಪಿಕ್‌ಫೋರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಡಿ.ಡಬ್ಲ್ಯೂ. ಗ್ರಿಫಿತ್ ಜೊತೆಗೂಡಿ ಯುನೈಟೆಡ್ ಆರ್ಟಿಸ್ಟ್ಸ್ ಕಟ್ಟಿದ್ದೂ ಆಯಿತು. ಆದರೆ ಫಸ್ಟ್ ನ್ಯಾಷನಲ್‌ನ ಒಪ್ಪಂದ ಮುಗಿಯುವ ತನಕ ಹೊಸ ಸಂಸ್ಥೆಗೆ ಚಿತ್ರ ಕೊಡುವಂತಿರಲಿಲ್ಲ. ಅದೇ ಹೊತ್ತಿಗೆ ಕಲ್ಪನೆಯೂ ಬತ್ತಿತ್ತು. ಆ ವರ್ಷ ಬಂದ ‘ಸನ್ನಿಸೈಡ್’ ಜನರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಮನೆಯ ಸ್ಥಿತಿ ಇನ್ನೂ ಕೆಟ್ಟಿತ್ತು. 1918ರ ಅಕ್ಟೋಬರಿನಲ್ಲಿ ಚಾಪ್ಲಿನ್ ಹದಿಹರೆಯದ ನಟಿ ಮಿಲ್ಡ್ರೆಡ್ ಹ್ಯಾರಿಸ್‌ಳನ್ನು ಮದುವೆಯಾಗಿದ್ದ. ಇಬ್ಬರ ನಡುವೆ ಹೊಂದಾಣಿಕೆ ಇರಲಿಲ್ಲ. 1919ರ ಜುಲೈ 7ರಂದು ಹುಟ್ಟಿದ ಗಂಡುಮಗು ನಾರ್ಮನ್ ಸ್ಪೆನ್ಸರ್ ಚಾಪ್ಲಿನ್ ಮೂರೇ ದಿನ ಬದುಕಿತು. ಅದರ ಸಮಾಧಿಯ ಮೇಲೆ ಕೆತ್ತಿಸಿದ್ದು ‘ದಿ ಲಿಟಲ್ ಮೌಸ್’ ಎಂಬ ಮುದ್ದಿನ ಹೆಸರು. ಮಗುವನ್ನು ಮಣ್ಣು ಮಾಡಿ ಕೆಲವೇ ದಿನಗಳಲ್ಲಿ ಚಾಪ್ಲಿನ್ ಸ್ಟುಡಿಯೋದಲ್ಲಿ ಎಳೆಗೂಸುಗಳನ್ನು ಪರೀಕ್ಷಿಸುತ್ತಿದ್ದ. ಹೊಸ ಚಿತ್ರಕ್ಕೆ ಹಸುಗೂಸೊಂದು ಬೇಕಾಗಿತ್ತು. ದುಃಖದಿಂದ ಕಲೆ ಹುಟ್ಟುತ್ತದೆ ಎಂದು ಸಲೀಸಾಗಿ ಹೇಳಿಬಿಡುವುದು ಸರಿಯಲ್ಲ. ಆದರೆ ಇಲ್ಲಿ ದಿನಾಂಕಗಳೇ ಎದುರಿಗೆ ನಿಂತಿವೆ: ಜುಲೈ 10ರಂದು ಮಗು ತೀರಿಕೊಂಡಿತು, ಅದೇ ತಿಂಗಳು ಚಿತ್ರೀಕರಣ ಆರಂಭವಾಯಿತು.

ಮುಖ್ಯ ಪಾತ್ರದ ಹುಡುಗ ಅದಕ್ಕೂ ಮುಂಚೆ ಕಣ್ಣಿಗೆ ಬಿದ್ದಿದ್ದ. ಲಾಸ್ ಏಂಜಲೀಸ್‌ನ ಆರ್ಫಿಯಂ ರಂಗಮಂದಿರದಲ್ಲಿ ಒಂದು ಸಂಜೆ ಜಾಕ್ ಕೂಗನ್ ಎಂಬ ನರ್ತಕ ತನ್ನ ಆಟ ಮುಗಿಸಿ, ನಾಲ್ಕು ವರ್ಷದ ಮಗನನ್ನೂ ರಂಗಕ್ಕೆ ಕರೆತಂದ. ಹುಡುಗ ಅಪ್ಪನನ್ನು ಅನುಕರಿಸಿ ನಾಲ್ಕು ಹೆಜ್ಜೆ ಕುಣಿದು, ಪ್ರೇಕ್ಷಕರತ್ತ ಒಂದು ಗಂಭೀರ ನೋಟ ಬೀರಿ ಓಡಿಹೋದ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಜಾಕಿ ಕೂಗನ್ ಆ ಹುಡುಗ. ಹುಟ್ಟಿದ್ದು 1914ರ ಅಕ್ಟೋಬರ್ 26ರಂದು. ಇವನನ್ನು ಇಟ್ಟುಕೊಂಡು ಏನೇನು ಮಾಡಬಹುದೆಂದು ಚಾಪ್ಲಿನ್ ಸ್ಟುಡಿಯೋದಲ್ಲಿ ಕಲ್ಪಿಸಿ ಹೇಳುತ್ತಿದ್ದ ಹೊತ್ತಿಗೆ, ಹಾಸ್ಯನಟ ರಾಸ್ಕೋ ಆರ್ಬಕಲ್ ಆಗಲೇ ಕೂಗನ್‌ನನ್ನು ಗೊತ್ತುಮಾಡಿಕೊಂಡಿದ್ದಾನೆ ಎಂಬ ಸುದ್ದಿ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಚಾಪ್ಲಿನ್ ಕುಸಿದು ಕೂತ. ವಿಚಾರಿಸಿದಾಗ ಆರ್ಬಕಲ್ ಗೊತ್ತುಮಾಡಿಕೊಂಡದ್ದು ಅಪ್ಪನನ್ನು, ಮಗನನ್ನಲ್ಲ ಎಂದು ತಿಳಿಯಿತು. ಅಪ್ಪ ನಗುತ್ತಲೇ ಮಗನನ್ನು ಒಪ್ಪಿಸಿದ. ‘ಎ ಡೇಸ್ ಪ್ಲೆಷರ್’ ಎಂಬ ಕಿರುಚಿತ್ರದಲ್ಲಿ ಸಣ್ಣ ಪಾತ್ರ ಕೊಟ್ಟು ಹುಡುಗನನ್ನು ಒರೆಗೆ ಹಚ್ಚಿದ್ದೂ ಆಯಿತು.

ಹುಡುಗನ ಪ್ರತಿಭೆಯ ಗುಟ್ಟು ಅನುಕರಣೆಯಲ್ಲಿತ್ತು. ಚಾಪ್ಲಿನ್ ಒಂದು ಭಂಗಿಯನ್ನು ಮಾಡಿ ತೋರಿಸಿದರೆ, ಹುಡುಗ ಅದನ್ನು ಹಾಗೇ ಹಿಂದಿರುಗಿಸುತ್ತಿದ್ದ. ಕೆಲವು ಸಲ ಮಾಡಿದ ಮೇಲೆ ಭಂಗಿಯ ಜೊತೆಗೆ ಭಾವವೂ ಬಂದು ಕೂರುತ್ತಿತ್ತು. ಮೂಕಿ ಚಿತ್ರವಾದ್ದರಿಂದ ಕ್ಯಾಮೆರಾ ಓಡುತ್ತಿರುವಾಗಲೂ ನಿರ್ದೇಶಕ ಮಾತಾಡಿ ಹೇಳಿಕೊಡಬಹುದಾಗಿತ್ತು. ಅನಾಥಾಲಯದ ಗಾಡಿಯಲ್ಲಿ ಹುಡುಗ ಕೈ ಚಾಚಿ ಗೋಗರೆಯುವ ದೃಶ್ಯದ ದಿನ ಮಾತ್ರ ಅವನಿಗೆ ಅಳು ಬರಲಿಲ್ಲ. ಅಂದು ಅವನು ಖುಷಿಯಾಗಿದ್ದ. ಆಗ ಅಪ್ಪ ಕೂಗನ್, ನೀನು ಅಳದಿದ್ದರೆ ನಿಜವಾಗಿಯೂ ವರ್ಕ್‌ಹೌಸಿಗೆ ಕಳಿಸುತ್ತೇವೆ ಎಂದು ಹೆದರಿಸಿದ. ಮಗು ಬಿಕ್ಕಿ ಬಿಕ್ಕಿ ಅತ್ತಿತು. ಚಿತ್ರೀಕರಣ ಮುಗಿದ ಮೇಲೆ ಚಾಪ್ಲಿನ್ ಅವನನ್ನು ತಬ್ಬಿಕೊಂಡು, ಯಾರೂ ನಿನ್ನನ್ನು ಕರೆದೊಯ್ಯುವುದಿಲ್ಲ ಎಂದು ಸಂತೈಸಿದನಂತೆ. ಚಾಪ್ಲಿನ್ ಇದನ್ನು ತಾನೇ ಬರೆದಿಟ್ಟಿದ್ದಾನೆ. ನೂರು ವರ್ಷಗಳ ನಂತರವೂ ಆ ದೃಶ್ಯ ನೋಡುವಾಗ ಕರುಳು ಕಿವುಚುವುದಕ್ಕೆ ಇದೂ ಒಂದು ಕಾರಣ. ಅದನ್ನು ತಿಳಿದ ಮೇಲೆ ಮೆಚ್ಚುಗೆಯ ಜೊತೆ ಒಂದು ಕಸಿವಿಸಿಯೂ ಉಳಿಯುತ್ತದೆ.

ಚಿತ್ರೀಕರಣ ಸುಮಾರು ಒಂದು ವರ್ಷ ಎಳೆಯಿತು. ಛಾಯಾಗ್ರಾಹಕ ರೋಲಿ ಟಾಥೆರೋ. ಆ ದಿನಗಳ ಚಾಪ್ಲಿನ್‌ಗೆ ಪೂರ್ತಿ ಚಿತ್ರಕಥೆ ಬರೆದಿಟ್ಟುಕೊಳ್ಳುವ ರೂಢಿ ಇರಲಿಲ್ಲ. ಸೆಟ್ಟಿನ ಮೇಲೆ ನಿಂತು, ಆಡಿ ನೋಡಿ, ಕೆಡವಿ, ಮತ್ತೆ ಕಟ್ಟುವುದೇ ಅವನ ಕ್ರಮ. ಅಂತಿಮವಾಗಿ ಉಳಿಸಿಕೊಂಡ ಉದ್ದದ ಐವತ್ತು ಪಟ್ಟಿಗೂ ಹೆಚ್ಚು ಫಿಲ್ಮನ್ನು ಅವನು ಬಳಸಿದ. ಸಾಹಿತಿ ಗವರ್ನರ್ ಮಾರಿಸ್, ಹಾಸ್ಯದ ಕುಣಿದಾಟವನ್ನೂ ಕರುಣರಸವನ್ನೂ ಬೆರೆಸಿದರೆ ಎರಡೂ ಕೆಡುತ್ತವೆ ಎಂದು ಎಚ್ಚರಿಸಿದ್ದ. ಚಾಪ್ಲಿನ್‌ನ ಉತ್ತರ ಸರಳವಾಗಿತ್ತು: ಕಲಾವಿದ ತನ್ನ ಲೋಕವನ್ನು ನಂಬಿದ್ದರೆ ಯಾವ ಬೆರಕೆಯೂ ನಿಲ್ಲುತ್ತದೆ.

ಚಿತ್ರ ತೆರೆದುಕೊಳ್ಳುವುದು ಧರ್ಮಾಸ್ಪತ್ರೆಯ ಬಾಗಿಲಲ್ಲಿ. ಮದುವೆಯಿಲ್ಲದೆ ತಾಯಿಯಾದ ಯುವತಿ ಕೂಸನ್ನೆತ್ತಿಕೊಂಡು ಹೊರಬರುತ್ತಾಳೆ. ಈ ಪಾತ್ರ ಮಾಡಿದ ಎಡ್ನಾ ಪರ್ವಿಯನ್ಸ್ 1915ರಿಂದಲೂ ಚಾಪ್ಲಿನ್ ಚಿತ್ರಗಳ ನಾಯಕಿ. ಆಕೆಯ ಪಾಪ ತಾಯ್ತನ ಮಾತ್ರ ಎಂದು ಬರಹದ ಫಲಕ ಹೇಳುತ್ತದೆ. ಮರುಕ್ಷಣವೇ ಶಿಲುಬೆ ಹೊತ್ತ ಕ್ರಿಸ್ತನ ಚಿತ್ರ ಮೂಡುತ್ತದೆ. 1921ರ ಅಮೆರಿಕದಲ್ಲಿ ಅವಿವಾಹಿತ ತಾಯಿಯ ಪರವಾಗಿ ಹೀಗೆ ನಿಲ್ಲುವುದು ಸಣ್ಣ ಧೈರ್ಯವಲ್ಲ. ಸಿರಿವಂತರ ಮನೆಯ ಮುಂದಿನ ಕಾರಿನಲ್ಲಿ ಆಕೆ ಕೂಸನ್ನು ಬಿಟ್ಟು ಹೋಗುತ್ತಾಳೆ, ಈ ಅನಾಥನನ್ನು ಪ್ರೀತಿಯಿಂದ ಸಾಕಿ ಎಂಬ ಚೀಟಿಯೊಂದಿಗೆ. ಕಳ್ಳರು ಕಾರನ್ನೇ ಕದಿಯುತ್ತಾರೆ. ಒಳಗೆ ಕೂಸನ್ನು ಕಂಡು ಕೊಳಗೇರಿಯ ಓಣಿಯಲ್ಲಿ ಕಸದ ಡಬ್ಬಿಗಳ ಪಕ್ಕ ಇಟ್ಟು ಹೋಗುತ್ತಾರೆ.

ಆಗ ಬರುತ್ತಾನೆ ಅಲೆಮಾರಿ, ಬೆಳಗಿನ ವಾಯುವಿಹಾರಕ್ಕೆ ಹೊರಟ ಗೃಹಸ್ಥನ ಠೀವಿಯಲ್ಲಿ. ಮಹಡಿಗಳಿಂದ ಬೀಳುವ ಕಸ ಅವನ ತಲೆಯ ಮೇಲೇ ಸುರಿಯುತ್ತದೆ. ಕೂಸನ್ನು ಕಂಡು ಮೊದಲು ತಲೆಯೆತ್ತಿ ಮೇಲೆ ನೋಡುತ್ತಾನೆ: ಇದನ್ನೂ ಯಾರೋ ಮೇಲಿಂದ ಎಸೆದಿರಬೇಕು ಎಂಬಂತೆ. ಈ ಒಂದು ನೋಟದಲ್ಲಿ ಕೊಳಗೇರಿಯ ಬದುಕಿನ ಬಗ್ಗೆ ಒಂದು ಅಧ್ಯಾಯದಷ್ಟು ವಿಷಯವಿದೆ. ಅವನೇನೂ ಕೂಡಲೇ ಕರಗಿ ಹೋಗುವುದಿಲ್ಲ. ದಾರಿಹೋಕ ಹೆಂಗಸಿನ ತಳ್ಳುಗಾಡಿಯಲ್ಲಿ ಕೂಸನ್ನು ಹಾಕಿ ಜಾರಿಕೊಳ್ಳಲು ನೋಡುತ್ತಾನೆ, ಮುದುಕನೊಬ್ಬನ ಕೈಗೆ ಕೊಟ್ಟು ಓಡುತ್ತಾನೆ, ಎಲ್ಲ ಸಲವೂ ಕೂಸು ವಾಪಸ್ ಅವನ ಕೈಗೇ. ಪೊಲೀಸನ ಕಣ್ಣೂ ಅವನ ಮೇಲೆಯೇ. ಚರಂಡಿಯ ಪಕ್ಕ ಕೂತು, ಅದರ ಮುಚ್ಚಳ ಎತ್ತಿ ಒಂದು ಕ್ಷಣ ಯೋಚಿಸುತ್ತಾನೆ. ಇಂಥ ಆಲೋಚನೆಯನ್ನು ನಾಯಕನ ತಲೆಗೆ ತರುವ ಎದೆಗಾರಿಕೆ ಬೇರೆ ಯಾವ ಹಾಸ್ಯಗಾರನಿಗೂ ಆಗ ಇರಲಿಲ್ಲ. ಮುಚ್ಚಳ ಮುಚ್ಚಿ, ಚೀಟಿ ಓದಿ, ಅವನು ಮಗುವಿಗೆ ಜಾನ್ ಎಂದು ಹೆಸರಿಡುತ್ತಾನೆ. ಸಾಕುವ ನಿರ್ಧಾರ ಇಲ್ಲಿ ದೊಡ್ಡ ಗುಣದಿಂದ ಬಂದದ್ದಲ್ಲ, ತಪ್ಪಿಸಿಕೊಳ್ಳಲು ಎಲ್ಲ ದಾರಿ ಮುಚ್ಚಿದ ಮೇಲೆ ಬಂದದ್ದು. ಪ್ರೀತಿ ಆಮೇಲಿನದು. ಅದಕ್ಕಾಗಿಯೇ ಅದು ನಂಬುವಂತಿದೆ.

ಅಟ್ಟದ ಕೋಣೆಯೊಳಗಿನ ಸಂಸಾರ ಚಿತ್ರದ ಅತ್ಯುತ್ತಮ ಭಾಗ. ಕಾಫಿ ಕೆಟಲಿನ ಮೂತಿಯೇ ಹಾಲಿನ ಬಾಟಲಿಯಾಗಿ ತೂಗುಬಿದ್ದಿದೆ. ಹಳೆಯ ಬಟ್ಟೆ ಹರಿದು ಲಂಗೋಟಿ ಕತ್ತರಿಸಲಾಗುತ್ತಿದೆ. ಕುರ್ಚಿಯ ನಡುವೆ ತೂತು ಕೊರೆದು ಕೆಳಗೆ ಪಾತ್ರೆ ಇಡಲಾಗಿದೆ. ಐದು ವರ್ಷಗಳ ನಂತರ ಅದೇ ಕೋಣೆಯಲ್ಲಿ ಹುಡುಗ ಪ್ಯಾನ್‌ಕೇಕ್ ಹುಯ್ಯುತ್ತಾನೆ, ಅಪ್ಪ ಹಾಸಿಗೆಯಿಂದ ಏಳುತ್ತಾನೆ. ತೂತು ಬಿದ್ದ ಕಂಬಳಿಯ ನಡುವೆ ತಲೆ ತೂರಿಸಿದರೆ ಅದೇ ಮನೆಯ ಗೌನು. ಊಟಕ್ಕೆ ಮುಂಚೆ ಪ್ರಾರ್ಥನೆ ಉಂಟು, ಪಾಲು ಸಮನಾಗಿ ಹಂಚುವ ಲೆಕ್ಕಾಚಾರ ಉಂಟು, ಕಿವಿ ಮೂಗು ತೊಳೆದಿದೆಯೇ ಎಂಬ ತಪಾಸಣೆ ಉಂಟು. ಗ್ಯಾಸ್ ಮೀಟರಿಗೆ ಹಾಕಿದ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೈಚಳಕವೂ ಉಂಟು. ಶಿಸ್ತು, ಮರ್ಯಾದೆ, ಮಮತೆ ಎಲ್ಲವೂ ಇರುವ ಮನೆ ಅದು. ಇಲ್ಲದ್ದು ದುಡ್ಡು ಮಾತ್ರ.

ಇಬ್ಬರ ಕಸುಬು ಪ್ರಸಿದ್ಧವಾದದ್ದು. ಮಗ ಮುಂದೆ ಹೋಗಿ ಕಲ್ಲೆಸೆದು ಕಿಟಕಿ ಒಡೆಯುತ್ತಾನೆ; ಸ್ವಲ್ಪ ಹೊತ್ತಿಗೆ ಬೆನ್ನಿಗೆ ಗಾಜು ಕಟ್ಟಿಕೊಂಡ ಅಪ್ಪ ಏನೂ ಅರಿಯದವನಂತೆ ಅದೇ ಬೀದಿಗೆ ಬರುತ್ತಾನೆ. ಒಂದು ಸಲ ಹುಡುಗ ಕೈ ಹಿಂದೆತ್ತಿದಾಗ ಕಲ್ಲು ತಗಲುವುದು ಹಿಂದೆ ನಿಂತ ಪೊಲೀಸನಿಗೆ. ಅವನ ಮುಖ ನೋಡದೆಯೇ ಹುಡುಗ ಕಲ್ಲನ್ನು ಮೇಲೆ ಚಿಮ್ಮಿ ಹಿಡಿದು, ಆಟವಾಡುತ್ತಿದ್ದವನಂತೆ ನಟಿಸುತ್ತಾನೆ. ಟಾಮ್ ವಿಲ್ಸನ್ ಈ ಪೊಲೀಸನ ಪಾತ್ರದಲ್ಲಿದ್ದಾನೆ. ಮೋಸದ ಕಸುಬೇ ಸರಿ, ಆದರೆ ನೋಡುವವರ ಮನಸ್ಸು ಅಪ್ಪ ಮಗನ ಕಡೆಗೇ ವಾಲುತ್ತದೆ.

ಹುಡುಗನಿಗೆ ಕಾಯಿಲೆ ಬಂದಾಗ ಕಥೆಯ ದಿಕ್ಕು ತಿರುಗುತ್ತದೆ. ಈ ಮಗುವಿನ ತಂದೆ ನೀನೇ ಏನು ಎಂದು ವೈದ್ಯ ಕೇಳುತ್ತಾನೆ. ಅಲೆಮಾರಿ ಐದು ವರ್ಷದಿಂದ ಜೋಪಾನ ಮಾಡಿದ ಚೀಟಿಯನ್ನು ತೋರಿಸುತ್ತಾನೆ. ಅವನ ಮಟ್ಟಿಗೆ ಅದು ತಂದೆತನದ ದಾಖಲೆ. ವೈದ್ಯನ ಮಟ್ಟಿಗೆ ತಂದೆಯಲ್ಲ ಎಂಬುದಕ್ಕೆ ಸಾಕ್ಷಿ. ವೈದ್ಯ ದೂರು ಕೊಡುತ್ತಾನೆ, ಅನಾಥಾಲಯದ ಗಾಡಿ ಬರುತ್ತದೆ. ಅಧಿಕಾರಿ ಅಲೆಮಾರಿಯ ಜೊತೆ ನೇರ ಮಾತೂ ಆಡುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಹೇಳಿ ಕೇಳಿಸುತ್ತಾನೆ. ಅಪ್ಪ ಮಗ ಇಬ್ಬರೂ ಜೀವದ ಹಂಗು ತೊರೆದು ಹೊಡೆದಾಡುತ್ತಾರೆ. ಹುಡುಗನನ್ನು ಗಾಡಿಗೆ ಎಸೆದು ಹೊರಟಾಗ ಅಲೆಮಾರಿ ಹಂಚಿನ ಮಾಡುಗಳ ಮೇಲೆ ಓಡುತ್ತಾ ಅಡ್ಡದಾರಿ ಹಿಡಿದು ಗಾಡಿಯೊಳಕ್ಕೆ ಧುಮುಕಿ, ಅಧಿಕಾರಿಯನ್ನು ಕೆಳಕ್ಕೆ ದೂಡಿ, ಮಗನನ್ನು ಬಾಚಿ ತಬ್ಬಿ ಮುತ್ತಿಡುತ್ತಾನೆ. ಹ್ಯಾನ್‌ವೆಲ್‌ಗೆ ಹೋದ ಗಾಡಿಯನ್ನು ತಡೆಯಲು ಅಂದು ಯಾರೂ ಮಾಡು ಹತ್ತಿ ಓಡಿ ಬಂದಿರಲಿಲ್ಲ.

ಈ ಗಾಡಿ ಕಲ್ಪನೆಯ ರಾಕ್ಷಸನಲ್ಲ. ಅಮೆರಿಕದಲ್ಲಿ 1854ರಿಂದ 1929ರವರೆಗೆ ಪೂರ್ವದ ನಗರಗಳ ಸುಮಾರು ಎರಡು ಲಕ್ಷ ಬಡ ಮಕ್ಕಳನ್ನು ರೈಲು ಹತ್ತಿಸಿ ದೂರದ ಹೊಲಮನೆಗಳಿಗೆ ಒಪ್ಪಿಸಲಾಗಿತ್ತು. ಅವರಲ್ಲಿ ಅನೇಕರಿಗೆ ತಂದೆಯೋ ತಾಯಿಯೋ ಬದುಕಿದ್ದರು. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಕರೆದ ಸಮಾವೇಶವು, ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂದು ಸಾರಿತ್ತು. ಇಂಗ್ಲೆಂಡಿನಲ್ಲಿ ದತ್ತು ಪಡೆಯುವುದಕ್ಕೆ ಕಾನೂನಿನ ಆಧಾರ ಸಿಕ್ಕಿದ್ದೇ 1926ರಲ್ಲಿ. ಚಿತ್ರದ ಓಣಿ ಯಾವ ಊರಿನದೆಂದು ಹೇಳಿಲ್ಲ; ಅಟ್ಟ, ಇಟ್ಟಿಗೆ ಗೋಡೆಗಳು ಲ್ಯಾಂಬೆತ್‌ನವು, ಪೊಲೀಸನ ಉಡುಪು ಅಮೆರಿಕದ್ದು. ಎರಡೂ ದೇಶಗಳ ಬಡವರಿಗೆ ಅದು ತಮ್ಮದೇ ಕೇರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಹೆತ್ತ ತಾಯಿ ಪ್ರಸಿದ್ಧ ಗಾಯಕಿಯಾಗಿದ್ದಾಳೆ. ಕೇರಿಯ ಮಕ್ಕಳಿಗೆ ಆಟಿಕೆ ಹಂಚುವಾಗ ತನ್ನ ಮಗನೆಂದು ಅರಿಯದೆ ಅವನನ್ನೂ ಕಂಡಿದ್ದಾಳೆ. ವೈದ್ಯನ ಕೈಸೇರಿದ ಚೀಟಿ ನೋಡಿದಾಗ ಆಕೆಗೆ ಸತ್ಯ ತಿಳಿಯುತ್ತದೆ. ಅಪ್ಪ ಮಗ ರಾತ್ರಿ ತಂಗಿದ ಅಗ್ಗದ ಹಾಸಿಗೆಮನೆಯ ಮಾಲೀಕ, ಸಾವಿರ ಡಾಲರ್ ಬಹುಮಾನದ ಜಾಹೀರಾತು ಓದಿ, ಮಲಗಿದ್ದ ಹುಡುಗನನ್ನು ಎತ್ತಿಕೊಂಡು ಪೊಲೀಸ್ ಠಾಣೆಗೆ ಓಡುತ್ತಾನೆ. ಅದೇ ಹಾಸಿಗೆಮನೆಯಲ್ಲಿ ಅಲೆಮಾರಿಯ ಜೇಬಿಗೆ ಕೈಹಾಕುವ ಕಳ್ಳನ ಪಾತ್ರ ಮಾಡಿದವನು ಜಾಕಿಯ ಅಪ್ಪ ಜಾಕ್ ಕೂಗನ್.

ಊರೆಲ್ಲ ಹುಡುಕಿ ಸೋತ ಅಲೆಮಾರಿ ಮನೆಬಾಗಿಲಲ್ಲಿ ನಿದ್ದೆ ಹೋಗಿ ಕಾಣುವ ಸ್ವರ್ಗದ ಕನಸು ಅಂದಿನಿಂದಲೂ ಚರ್ಚೆಯ ವಿಷಯ. ಕೇರಿಯ ಜನರೆಲ್ಲ ರೆಕ್ಕೆ ಕಟ್ಟಿಕೊಂಡು ಹಾರುತ್ತಾರೆ, ನಾಯಿಗೂ ರೆಕ್ಕೆ. ಪಾಪ ಒಳನುಸುಳುತ್ತದೆ, ಜಗಳ ಹತ್ತುತ್ತದೆ, ಪೊಲೀಸನ ಗುಂಡಿಗೆ ಅಲೆಮಾರಿ ಬೀಳುತ್ತಾನೆ. ಮರುಳುಗೊಳಿಸುವ ದೇವಕನ್ಯೆಯಾಗಿ ಬಂದ ಹನ್ನೆರಡು ವರ್ಷದ ಲೀಟಾ ಗ್ರೇ 1924ರಲ್ಲಿ ಚಾಪ್ಲಿನ್‌ನ ಎರಡನೆಯ ಹೆಂಡತಿಯಾದಳು. ‘ಪೀಟರ್ ಪ್ಯಾನ್’ ಬರೆದ ಜೇಮ್ಸ್ ಬ್ಯಾರಿ 1921ರಲ್ಲಿ ಲಂಡನ್ನಿಗೆ ಬಂದ ಚಾಪ್ಲಿನ್‌ನನ್ನು ಭೇಟಿಯಾದಾಗ, ಈ ಕನಸು ಕಥೆಗೆ ಬೇಡವಾಗಿತ್ತು ಎಂದ. ನಿಮ್ಮದೇ ನಾಟಕ ‘ಎ ಕಿಸ್ ಫಾರ್ ಸಿಂಡರೆಲಾ’ದ ಪ್ರಭಾವ ಅದು ಎಂದು ಚಾಪ್ಲಿನ್ ಉತ್ತರಿಸಿದ. ಬ್ಯಾರಿಯ ಮಾತಿನಲ್ಲಿ ಹುರುಳಿದೆ. ಮಾಡಿನ ಮೇಲಿನ ಓಟದ ನಂತರ ಈ ಕನಸು ಕಥೆಯ ಬಿಗಿಯನ್ನು ಸಡಿಲಿಸುತ್ತದೆ. ಕೊನೆಗೆ ಪೊಲೀಸ್ ಅವನನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿ ತಾಯಿಯ ಬಂಗಲೆಗೆ ಕರೆತರುತ್ತಾನೆ. ಮಗ ಓಡಿ ಬಂದು ತೆಕ್ಕೆಗೆ ಬೀಳುತ್ತಾನೆ. ಅಲೆಮಾರಿ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಅವನು ಅಲ್ಲೇ ಉಳಿದನೇ ಇಲ್ಲವೇ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಚಿತ್ರ ಜನರ ಮುಂದೆ ಬರುವ ಮೊದಲು ನಡೆದದ್ದು ಇನ್ನೊಂದು ಓಟ. 1920ರ ಆಗಸ್ಟಿನಲ್ಲಿ ಮಿಲ್ಡ್ರೆಡ್ ಹ್ಯಾರಿಸ್‌ಳ ವಿಚ್ಛೇದನದ ದಾವೆ ಬಿಸಿಯೇರಿದಾಗ, ಆಕೆಯ ವಕೀಲರು ಚಿತ್ರದ ನೆಗೆಟಿವನ್ನು ಆಸ್ತಿಯೆಂದು ಜಪ್ತಿ ಮಾಡಿಸುವ ಸಾಧ್ಯತೆ ಕಂಡಿತು. ಇದರ ಹಿಂದೆ ಫಸ್ಟ್ ನ್ಯಾಷನಲ್‌ನ ಕೈವಾಡ ಇದೆ ಎಂಬ ಅನುಮಾನ ಚಾಪ್ಲಿನ್‌ಗಿತ್ತು. ಆ ಸಂಸ್ಥೆ ಈ ಉದ್ದದ ಚಿತ್ರವನ್ನು ಮೂರು ಎರಡು-ರೀಲಿನ ಚಿತ್ರಗಳೆಂದು ಲೆಕ್ಕ ಹಿಡಿದು 4,05,000 ಡಾಲರ್ ಕೊಡುವುದಾಗಿ ಹೇಳಿತ್ತು. ಖರ್ಚೇ ಸುಮಾರು ಐದು ಲಕ್ಷ ಆಗಿತ್ತೆಂದು ಆತ್ಮಕಥೆ ಹೇಳುತ್ತದೆ. ಚಾಪ್ಲಿನ್, ಟಾಥೆರೋ ಮತ್ತು ಕೆಲವರು ಫಿಲ್ಮನ್ನೆಲ್ಲ ಕಾಫಿ ಡಬ್ಬಿಗಳಲ್ಲಿ ತುಂಬಿ, ಕ್ಯಾಲಿಫೋರ್ನಿಯಾದ ಕಾನೂನಿನ ಕೈಗೆ ಸಿಗದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ರೈಲು ಹತ್ತಿದರು. ಅಂದಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭಗ್ಗೆನ್ನುವಂಥದು. ಅದನ್ನು ಹೋಟೆಲಿನ ಕೋಣೆಯೊಳಗೆ ಕದ್ದುಮುಚ್ಚಿ, ಹಾಸಿಗೆ, ಬೀರು, ಮೇಜುಗಳ ಮೇಲೆಲ್ಲ ಹರಡಿಕೊಂಡು ಸಂಕಲನ ಮಾಡಿದರು. ಅದೇ ಊರಿನ ಚಿತ್ರಮಂದಿರವೊಂದರಲ್ಲಿ ಮುನ್ಸೂಚನೆಯಿಲ್ಲದೆ ತೋರಿಸಿದಾಗ ಜನ ಬಿದ್ದು ಬಿದ್ದು ನಕ್ಕರು. ಚಾಪ್ಲಿನ್‌ನ ಉಸಿರು ಮರಳಿತು. ನವೆಂಬರಿನಲ್ಲಿ ವಿಚ್ಛೇದನ ಇತ್ಯರ್ಥವಾಯಿತು. ಫಸ್ಟ್ ನ್ಯಾಷನಲ್ ಕೊನೆಗೆ 15 ಲಕ್ಷ ಡಾಲರ್ ಮುಂಗಡಕ್ಕೂ ಆಮೇಲಿನ ಗಳಿಕೆಯಲ್ಲಿ ಪಾಲಿಗೂ ಒಪ್ಪಿತು.

1921ರ ಫೆಬ್ರುವರಿಯಲ್ಲಿ ಎಲ್ಲೆಡೆ ಬಿಡುಗಡೆಯಾದ ಚಿತ್ರ ಆ ವರ್ಷದ ಗಳಿಕೆಯಲ್ಲಿ ‘ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕಲಿಪ್ಸ್’ ಒಂದನ್ನು ಬಿಟ್ಟರೆ ಎಲ್ಲಕ್ಕಿಂತ ಮುಂದಿತ್ತು. ಮೂರು ವರ್ಷಗಳಲ್ಲಿ ಸುಮಾರು ಐವತ್ತು ದೇಶಗಳನ್ನು ತಲುಪಿತು. ಅದೇ 1921ರಲ್ಲಿ ಹನ್ನಾಳನ್ನು ಮಕ್ಕಳು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. 1928ರಲ್ಲಿ ತೀರಿಕೊಳ್ಳುವ ತನಕ ಅವಳು ಅವರ ಆಸರೆಯಲ್ಲಿದ್ದಳು. ಇಂಡಿಯಾದಲ್ಲಿ ಈ ಕಥೆಯ ಎಳೆ ಬಹಳ ತಡವಾಗಿ ಮೆಹಮೂದ್‌ನ ‘ಕುಂವಾರಾ ಬಾಪ್’ (1974) ಚಿತ್ರದಲ್ಲಿ ಚಿಗುರಿತು. ಅಲ್ಲಿ ಮಗುವನ್ನು ಸಾಕುವವನು ರಿಕ್ಷಾ ಎಳೆಯುವವ.

ಜಾಕಿ ಕೂಗನ್ ಆರು ವರ್ಷಕ್ಕೇ ಜಗತ್ತಿನ ಅತಿ ಪ್ರಸಿದ್ಧ ಮಗುವಾದ. ‘ಪೆಕ್ಸ್ ಬ್ಯಾಡ್ ಬಾಯ್’, ‘ಆಲಿವರ್ ಟ್ವಿಸ್ಟ್’ ಸಾಲಾಗಿ ಬಂದವು. ಅವನ ಮುಖ ಹೊತ್ತ ಆಟಿಕೆ, ತಿನಿಸುಗಳು ಅಂಗಡಿ ತುಂಬಿದವು. 1924ರಲ್ಲಿ ಆರ್ಮೇನಿಯನ್ ಮತ್ತು ಗ್ರೀಕ್ ಅನಾಥ ಮಕ್ಕಳಿಗಾಗಿ ನಿಯರ್ ಈಸ್ಟ್ ರಿಲೀಫ್ ಸಂಸ್ಥೆಯ ಪರವಾಗಿ ಅಮೆರಿಕ, ಯುರೋಪು ಸುತ್ತಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಅನ್ನ ಬಟ್ಟೆ ಕೂಡಿಸಿದ. ರೋಮಿನಲ್ಲಿ ಪೋಪ್ ಹನ್ನೊಂದನೆಯ ಪಯಸ್‌ರನ್ನು ಕಂಡ. ಬಾಲ್ಯದಲ್ಲಿ ಅವನ ದುಡಿಮೆ ಮೂವತ್ತರಿಂದ ನಲವತ್ತು ಲಕ್ಷ ಡಾಲರ್ ಎಂದು ಅಂದಾಜು.

1935ರ ಮೇ ತಿಂಗಳಲ್ಲಿ ಕಾರು ಅಪಘಾತದಲ್ಲಿ ತಂದೆ ಸತ್ತ. ಆ ಕಾರಿನಲ್ಲಿದ್ದವರಲ್ಲಿ ಜಾಕಿಯೊಬ್ಬನೇ ಉಳಿದ. ಅಕ್ಟೋಬರಿನಲ್ಲಿ ಇಪ್ಪತ್ತೊಂದು ತುಂಬಿ ತನ್ನ ಹಣ ಕೇಳಿದಾಗ, ಕೈಗೆ ಏನೂ ಬರಲಿಲ್ಲ. ತಾಯಿ ಲಿಲಿಯನ್, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಆರ್ಥರ್ ಬರ್ನ್‌ಸ್ಟೀನ್‌ನನ್ನು ಮದುವೆಯಾದಳು. ಹಣ ಆ ದಂಪತಿಯ ಹಿಡಿತದಲ್ಲಿತ್ತು. 1938ರ ಏಪ್ರಿಲ್‌ನಲ್ಲಿ ಜಾಕಿ ಇಬ್ಬರ ಮೇಲೂ ದಾವೆ ಹೂಡಿದ. ಕ್ಯಾಲಿಫೋರ್ನಿಯಾದ ಕಾನೂನು ತಾಯಿಯ ಪರವಾಗಿತ್ತು: ಅಪ್ರಾಪ್ತ ಮಗು ದುಡಿದದ್ದೆಲ್ಲ ಹೆತ್ತವರ ಸ್ವತ್ತು. ಸಾಕುತಂದೆಯ ಕೈಯಿಂದ ಕಿತ್ತೊಯ್ದ ಮಗುವಿಗಾಗಿ ಜಗತ್ತೆಲ್ಲ ಅತ್ತಿತ್ತು. ಆ ಮಗುವನ್ನು ಬರಿಗೈ ಮಾಡಿದವರು ಕಾಗದಪತ್ರ ಸರಿಯಾಗಿದ್ದ ಹೆತ್ತವರೇ. ಖರ್ಚು, ಸಾಲ ಕಳೆದು ಅವನಿಗೆ ದಕ್ಕಿದ್ದು ಸುಮಾರು 1,26,000 ಡಾಲರ್. ಪ್ರಕರಣ ಎಬ್ಬಿಸಿದ ಆಕ್ರೋಶದಿಂದ 1939ರಲ್ಲಿ ‘ಕೂಗನ್ ಕಾಯ್ದೆ’ ಎಂದೇ ಹೆಸರಾದ ಬಾಲನಟರ ಕಾನೂನು ಬಂತು. ಅದರಲ್ಲಿ ಸಂದುಗೊಂದುಗಳು ಬಹಳ ಇದ್ದವು. 2000ದಿಂದ ಜಾರಿಗೆ ಬಂದ ತಿದ್ದುಪಡಿ ಮಾತ್ರ ಬಾಲನಟನ ಗಳಿಕೆ ಬಾಲನಟನದೇ ಎಂದು ಸ್ಪಷ್ಟಪಡಿಸಿತು. ಅದರಲ್ಲಿ ಕನಿಷ್ಠ ಶೇ. 15ನ್ನು ಯಾರೂ ಮುಟ್ಟದ ಖಾತೆಯಲ್ಲಿ ಇಡಬೇಕೆಂದು ವಿಧಿಸಿತು.

ಎರಡನೆಯ ಮಹಾಯುದ್ಧದಲ್ಲಿ ಕೂಗನ್ ಗ್ಲೈಡರ್ ಚಾಲಕನಾದ. 1944ರ ಮಾರ್ಚ್‌ನಲ್ಲಿ ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟು ಬರ್ಮಾದ ಕಾಡಿನಲ್ಲಿ, ಜಪಾನಿ ಸೈನ್ಯದ ಬೆನ್ನ ಹಿಂದೆ, ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್‌ನ ಪಡೆಯನ್ನು ಇಳಿಸಿದವರಲ್ಲಿ ಅವನೂ ಒಬ್ಬ. ಅರವತ್ತರ ದಶಕದ ಟಿವಿ ಪ್ರೇಕ್ಷಕರು ಅವನನ್ನು ‘ದಿ ಆಡಮ್ಸ್ ಫ್ಯಾಮಿಲಿ’ಯ ಬೋಳು ತಲೆಯ ಅಂಕಲ್ ಫೆಸ್ಟರ್ ಆಗಿ ಕಂಡರು. 1972ರ ಏಪ್ರಿಲ್‌ನಲ್ಲಿ, ಇಪ್ಪತ್ತು ವರ್ಷ ಅಮೆರಿಕದಿಂದ ಹೊರಗಿದ್ದ ಚಾಪ್ಲಿನ್ ಗೌರವ ಆಸ್ಕರ್ ಸ್ವೀಕರಿಸಲು ಬಂದಾಗ, ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ಅಪ್ಪಿಕೊಂಡರು. ಚಾಪ್ಲಿನ್ 1977ರಲ್ಲಿ, ಕೂಗನ್ 1984ರಲ್ಲಿ ತೀರಿಕೊಂಡರು.

ಆಸ್ಕರ್‌ಗೆ ಒಂದು ವರ್ಷ ಮೊದಲು, ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ, ಚಾಪ್ಲಿನ್ ‘ದಿ ಕಿಡ್’ಗೆ ಹೊಸ ಸಂಗೀತ ರಚಿಸಿ, ಚಿತ್ರವನ್ನು ಮತ್ತೆ ಕತ್ತರಿಸಿದ. ಭಾವುಕತೆ ಹೆಚ್ಚಾಯಿತೆಂದು ಅವನಿಗೆ ಕಂಡ ತಾಯಿಯ ದೃಶ್ಯಗಳು ಹೋದವು: ಸೇತುವೆಯ ಮೇಲೆ ಸಾಯಲು ನಿಂತದ್ದು, ಚರ್ಚಿನಲ್ಲಿ ಮುದುಕನೊಬ್ಬನನ್ನು ಮದುವೆಯಾಗಿ ಬರುವ ಎಳೆಯ ವಧುವನ್ನು ಕಂಡದ್ದು, ಹಳೆಯ ಪ್ರಿಯಕರನನ್ನು ವರ್ಷಗಳ ನಂತರ ಸಂಧಿಸಿದ್ದು. ಚಿತ್ರದ ಓಟ ಚುರುಕಾಯಿತು, ಸಂಗೀತವೂ ಸೊಗಸಾಗಿದೆ. ಆದರೆ ಮಗುವನ್ನು ತೊರೆದ ಹೆಣ್ಣಿನ ಸಂಕಟ ಅರ್ಧಕ್ಕರ್ಧ ಕಾಣೆಯಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿತು. ಇಂದು ಹೆಚ್ಚಾಗಿ ಸಿಗುವುದು 1971ರ ಆ 53 ನಿಮಿಷದ ಆವೃತ್ತಿ. ಅದನ್ನು ನೋಡಿದವರು ಕತ್ತರಿಸಿದ ದೃಶ್ಯಗಳನ್ನೂ ಹುಡುಕಿ ನೋಡಬೇಕು. ಎಡ್ನಾ ಪರ್ವಿಯನ್ಸ್‌ಳ ಒಳ್ಳೆಯ ಅಭಿನಯದ ದೊಡ್ಡ ಭಾಗ ಇರುವುದು ಅಲ್ಲಿ.